ಕಟಿಂಗ್ ಮಾಸ್ಟರರ ದೂರದ ಕ್ಯಾಮೆರಾ

ಕಟಿಂಗ್ ಮಾಸ್ಟರರಿಗೆ ವಿಮಾನದ ಹುಚ್ಚು ಎಂದು ಇಡೀ ಬೀದಿ ನಂಬಿತ್ತು. ಇದನ್ನು ಬರೆಯುತ್ತಿರುವವನೂ ಆ ಬೀದಿಯವನೇ ಆದ್ದರಿಂದ ಅವನೂ ನಂಬಿದ್ದ. ನಂಬದಿರಲು ಕಾರಣವೇ ಇರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ಯೂನಿಫಾರ್ಮ್ ಅಂಗಡಿಯ ಹೊಲಿಗೆಯವರು ಆಕಳಿಸುತ್ತ ಮತ್ತೆ ಯಂತ್ರಗಳ ಮುಂದೆ ಕೂರುವ ಹೊತ್ತಿಗೆ, ಎರಡು ಪಂಖದ ಸಣ್ಣ ವಿಮಾನವೊಂದು ಗೊರಗೊರ ಸದ್ದು ಮಾಡುತ್ತ ಬೀದಿಯ ಮೇಲೆ ತಗ್ಗಿ ಬರುತ್ತಿತ್ತು. ಸದ್ದು ಕಿವಿಗೆ ಬಿದ್ದದ್ದೇ ತಡ, ಮಾಸ್ಟರು ಕತ್ತರಿಯನ್ನು ಅರ್ಧ ಕತ್ತರಿಸಿದ ಬಟ್ಟೆಯಲ್ಲೇ ಬಿಟ್ಟು, ಕೊರಳಲ್ಲಿ ಟೇಪು ಜೋತಾಡುತ್ತಿದ್ದಂತೆಯೇ ಬಾಗಿಲಿಗೆ ಬಂದು ಕತ್ತೆತ್ತಿ ನಿಲ್ಲುತ್ತಿದ್ದರು. ವಿಮಾನ ಎದುರು ಸಾಲಿನ ಕಟ್ಟಡಗಳ ಹಿಂದೆ ಮರೆಯಾದ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಏನೂ ಆಗಿಲ್ಲವೆಂಬಂತೆ ಒಳಗೆ ಹೋಗುತ್ತಿದ್ದರು.

ಇಂಥ ಅಭಿಮಾನಕ್ಕೆ ಗೌರವ ಸಲ್ಲಬೇಕೆಂದು, ಇದನ್ನು ಬರೆಯುತ್ತಿರುವವನು ಒಂದು ವರ್ಷ ಪುಟಪುಟಕ್ಕೂ ವಿಮಾನದ ಚಿತ್ರವಿದ್ದ ಕ್ಯಾಲೆಂಡರನ್ನು ಅವರಿಗೆ ತಂದುಕೊಟ್ಟ. ಮಾಸ್ಟರು ಎರಡೂ ಕೈಯಲ್ಲಿ ತೆಗೆದುಕೊಂಡು, ಬೆರಳಿನಲ್ಲಿ ಉಜ್ಜಿ ನೋಡಿ, "ಕಾಗದ ದಪ್ಪ ಇದೆ" ಎಂದರು. ಮುಂದಿನ ಸಲ ಅಂಗಡಿಗೆ ಹೋದಾಗ ಆ ವಿಮಾನಗಳೆಲ್ಲ ಕಾಲರು, ಕಫು, ಜೇಬಿನ ಪ್ಯಾಟರ್ನುಗಳಾಗಿ ಮೊಳೆಗೆ ನೇತಾಡುತ್ತಿದ್ದವು. ಹುಚ್ಚಿರುವ ಮನುಷ್ಯ ಹೀಗೆ ಮಾಡುತ್ತಾನೆಯೇ ಎಂದು ಯಾರಾದರೂ ಯೋಚಿಸಬೇಕಿತ್ತು. ಯಾರೂ ಯೋಚಿಸಲಿಲ್ಲ. ಒಬ್ಬ ಮನುಷ್ಯನ ಬಗ್ಗೆ ಒಂದು ಅಭಿಪ್ರಾಯ ಹೊಲಿಸಿಟ್ಟುಕೊಂಡ ಮೇಲೆ ಅದನ್ನು ಬಿಚ್ಚಿ ಮತ್ತೆ ಹೊಲಿಸುವ ತಾಪತ್ರಯ ಯಾರಿಗೆ ಬೇಕು?

ನಿಜ ಹೇಳಬೇಕೆಂದರೆ ಮಾಸ್ಟರರಿಗೆ ಒಂದು ವಿಮಾನಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ: ಮಧ್ಯಾಹ್ನ ಬರುವ ವಿಮಾನದೊಳಗೆ ಮಗಳಿರುತ್ತಾಳೆ.

ಮಗಳು ಚಿಕ್ಕಂದಿನಲ್ಲಿ, ಹೊಲಿಗೆ ಯಂತ್ರದೊಳಗಿನ ನೂಲು ಸುತ್ತಿದ ಬಾಬಿನ್ನಿನಂತೆ ಸಣ್ಣಗೆ, ದುಂಡಗೆ, ಒಂದು ಕಡೆ ನಿಲ್ಲದೆ ಸುತ್ತುತ್ತಿದ್ದಳೆಂದು ಅಂಗಡಿಯವರು ಅವಳನ್ನು 'ಬಾಬಿನ್' ಎಂದೇ ಕರೆಯುತ್ತಿದ್ದರು. ದಿನವೂ ಶಾಲೆ ಬಿಟ್ಟ ಮೇಲೆ ಅವಳು ಬೆಳೆದದ್ದೆಲ್ಲ ಅಪ್ಪನ ಕಟಿಂಗ್ ಮೇಜಿನ ಕೆಳಗೆ, ಚೂರುಬಟ್ಟೆಯ ಮೂಟೆಯ ಮೇಲೆ. ಒಂದು ದಿನ ಮೇಜಿನ ಮೇಲೆ ಹತ್ತಿ ಬಿದ್ದು ಹೆಗಲ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ಎಡ ಭುಜ ಮಾತ್ರ ಒಂದಿಷ್ಟು ಕೆಳಗೇ ಉಳಿಯಿತು. ಅಂದಿನಿಂದ ಅವಳ ಪ್ರತಿಯೊಂದು ಉಡುಪಿನ ಎಡ ಭುಜದೊಳಗೂ ಮಾಸ್ಟರು ಒಂದು ಹತ್ತಿಯ ಪ್ಯಾಡು ಕೂರಿಸುತ್ತಿದ್ದರು. ಶಾಲೆಯ ಅಂಗಿಗೆ ತೆಳ್ಳಗಿನದು, ಕೋಟಿಗೆ ಕ್ಯಾನ್ವಾಸಿನದು. ಬಾಗಿದ ಭುಜದ ಸುದ್ದಿ ಕನ್ನಡಿಗೂ ಗೊತ್ತಿರಲಿಲ್ಲ. ದೊಡ್ಡವಳಾದ ಮೇಲೆ ಗೆಳತಿಯ ಅಂಗಿ ಎರವಲು ತೊಟ್ಟ ದಿನವೇ ಅವಳಿಗೆ ಅದು ತಿಳಿದದ್ದು. ಮನೆಗೆ ಬಂದು, "ಅಪ್ಪಾ, ಇಷ್ಟು ದಿನ ನಂಗೆ ಮೋಸ ಮಾಡ್ತಿದ್ಯಲ್ಲ!" ಎಂದು ನಕ್ಕಿದ್ದಳು.

ಆ ಮಗಳಿಗೆ ವಿಮಾನದಲ್ಲಿ ಕೆಲಸ ಸಿಕ್ಕಿತು. ಪ್ರಯಾಣಿಕರಿಗೆ ಬೆಲ್ಟು ಕಟ್ಟಿಸುವ, ನೀರು ಕೊಡುವ, ಹೆದರಿದವರನ್ನು ನೋಡಿ ನಗುವ ಕೆಲಸ. ಕಂಪನಿಯವರು ಕೊಟ್ಟ ನೀಲಿ ಕೋಟು, ಸ್ಕರ್ಟು ಅವಳ ಅಳತೆಗೆ ದೊಡ್ಡದಾಗಿದ್ದವು. ಊರಿಗೆಲ್ಲ ಯೂನಿಫಾರ್ಮು ಕತ್ತರಿಸುವ ಅಪ್ಪ ಇರುವಾಗ ಬೇರೆ ಯಾರ ಹತ್ತಿರ ಹೋಗಬೇಕು? ತಂದು ಮೇಜಿನ ಮೇಲೆ ಹರಡಿದಳು. ಮಾಸ್ಟರು ಸ್ಕರ್ಟಿನ ಉದ್ದ ನೋಡಿದರು. ಅದು ಮಂಡಿಗೆ ನಿಲ್ಲುತ್ತಿತ್ತು. ಯಂತ್ರಗಳ ಸದ್ದು ನಿಂತಿತ್ತು; ಹೊಲಿಗೆಯವರೆಲ್ಲ ಕಣ್ಣು ಇತ್ತಲೇ ನೆಟ್ಟಿದ್ದರು. ನೋಡುವವರಿದ್ದಾರೆಂದರೆ ಗಂಡಸಿನ ನಾಲಗೆಗೆ ಎಲ್ಲಿಲ್ಲದ ಹುರುಪು. ಮಾಸ್ಟರು ಕತ್ತರಿಯ ತುದಿಯಿಂದ ಆ ಬಟ್ಟೆಯನ್ನು ಪಕ್ಕಕ್ಕೆ ತಳ್ಳಿ, "ನಾನು ಬಟ್ಟೆ ಕತ್ತರಿಸೋನು, ಮಾನ ಕತ್ತರಿಸೋನಲ್ಲ" ಎಂದರು.

ಮಾತು ಚೆನ್ನಾಗಿಯೇ ಇತ್ತು. ಹೊಲಿಗೆಯವರಲ್ಲಿ ಇಬ್ಬರು ತಲೆಯಾಡಿಸಿದರು. ಪಕ್ಕದ ಕ್ಷೌರದಂಗಡಿಯವನು ಅದನ್ನು ಸಂಜೆಯೊಳಗೆ ಬೀದಿಯುದ್ದಕ್ಕೂ ಹಂಚಿದ. ಮಗಳು ಮಾತ್ರ ಕೋಟು ಸ್ಕರ್ಟುಗಳನ್ನು ಮಡಿಕೆ ತಪ್ಪದಂತೆ ಮಡಚಿ ತೆಗೆದುಕೊಂಡು ಹೋಗಿ, ಎದುರು ಬೀದಿಯ ದರ್ಜಿಗೆ ಕೊಟ್ಟಳು. ಆಮೇಲೆ ಕೆಲಸದ ಊರಿಗೆ ಹೋದವಳು ಈ ಮನೆಯ ಹೊಸಿಲು ತುಳಿಯಲಿಲ್ಲ. ಅಮ್ಮನ ಜೊತೆ ಫೋನಿನಲ್ಲಿ ಮಾತು. ಅಪ್ಪನ ಜೊತೆ ಅದೂ ಇಲ್ಲ. ಮಾಸ್ಟರಂತೂ ಅಂಗಡಿಯಲ್ಲಿ 'ಮಗಳು' ಎಂಬ ಮಾತನ್ನೇ ಆಡುವುದನ್ನು ಬಿಟ್ಟರು. ಅವಳಿಗೆ ಆ ಮಾತು ಚುಚ್ಚಿತ್ತು. ಇವರಿಗೆ ಎದುರು ಬೀದಿಯ ದರ್ಜಿ ಚುಚ್ಚಿದ್ದ. ಯಾರ ನೋವು ದೊಡ್ಡದೆಂದು ಅಳೆಯುವ ಟೇಪು ಮಾಸ್ಟರರ ಕೊರಳಲ್ಲೂ ಇರಲಿಲ್ಲ.

ವಿಚಿತ್ರವೆಂದರೆ ಅಳೆಯದೆ ಕತ್ತರಿಸುವ ಜಾಯಮಾನವೇ ಅವರದಲ್ಲ. ಹೊಲಿಯುವವನ ತಪ್ಪನ್ನು ಬಿಚ್ಚಿ ಸರಿಮಾಡಬಹುದು, ಕಟಿಂಗಿನವನು ತಪ್ಪಿದರೆ ಹೊಸ ಬಟ್ಟೆಯೇ ಬೇಕು. ಹಾಗಾಗಿ ಅಳೆದು, ಸೀಮೆಸುಣ್ಣದಲ್ಲಿ ಗೀಚಿ, ಮತ್ತೆ ಅಳೆದು, ಒಂದು ಲೋಟ ಟೀ ಕುಡಿದು ಬಂದು ಇನ್ನೊಮ್ಮೆ ಅಳೆದ ಮೇಲೆಯೇ ಕತ್ತರಿ ಎತ್ತುತ್ತಿದ್ದರು. ಮನೆಯಲ್ಲೂ ಅದೇ ಚಾಳಿ. ಹೊಸ ಬಕೆಟ್ಟು ಕೊಳ್ಳಲು ಹೊರಟರೆ ಹಳೆಯದು ಸೋರಿ ಸೋರಿ ತಾನಾಗಿ ಪ್ರಾಣ ಬಿಡುವವರೆಗೂ ಅಂಗಡಿ ಅಂಗಡಿ ಸುತ್ತುತ್ತಿದ್ದರು. ಇಡೀ ಜೀವಮಾನದಲ್ಲಿ ಅಳತೆಯಿಲ್ಲದೆ ಕತ್ತರಿಸಿದ್ದು ಆ ಒಂದು ವಾಕ್ಯವನ್ನು ಮಾತ್ರ.

ಮಾಸ್ಟರರ ಹೆಂಡತಿ ಮಗಳೊಡನೆ ಮಾತಾಡುವಾಗ ಅಡುಗೆಮನೆಯಿಂದ ಹಜಾರಕ್ಕೆ ಕೇಳುವಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದಳು. ಫೋನಿನ ಆಚೆಗಿದ್ದವಳಿಗೆ ಅಷ್ಟು ಗಟ್ಟಿ ಬೇಕಿರಲಿಲ್ಲ. ಮಾಸ್ಟರು ಪೇಪರು ಮುಖಕ್ಕಡ್ಡ ಹಿಡಿದು, ಒಂದೇ ಪುಟವನ್ನು ತಿರುವದೆ ಓದುತ್ತಿದ್ದರು.

"ಏನಾದ್ರೂ ಹೇಳೋದಿದ್ಯಾ?" ಎಂದು ಹೆಂಡತಿ ಫೋನಿಗೆ ಕೈ ಅಡ್ಡ ಇಟ್ಟು ಕೇಳುವಳು.

"ಯಾರಿಗೆ?"

"ನನ್ನ ಅತ್ತೆಗೆ!" ಎಂದು ಆಕೆ ಮುಖ ತಿರುಗಿಸುವಳು.

ಒಂದು ದಿನ ಹೀಗೆ ಕೇಳಿಸಿಕೊಂಡ ಸುದ್ದಿ ಪೇಪರಿನಲ್ಲಿರಲಿಲ್ಲ. ಬೇಸಿಗೆ ಮುಗಿಯುತ್ತಿದ್ದಂತೆ ಸಣ್ಣ ವಿಮಾನ ಈ ಊರಿಗೆ ಬರುವುದು ನಿಲ್ಲುತ್ತದೆ. ಮಗಳನ್ನು ದೊಡ್ಡ ವಿಮಾನಕ್ಕೆ, ದೂರದ ಮಾರ್ಗಕ್ಕೆ ಹಾಕುತ್ತಾರೆ. ಪೇಪರು ಸ್ವಲ್ಪ ಕೆಳಗಿಳಿಯಿತು, ಮತ್ತೆ ಮೇಲೇರಿತು. ಆ ರಾತ್ರಿ ಮಾಸ್ಟರು ಊಟ ಸೇರದೆ ಎದ್ದರು. ಇಷ್ಟು ದಿನ ವಿಮಾನದ ಹೊಟ್ಟೆಯನ್ನಾದರೂ ನೋಡುತ್ತಿದ್ದರು. ಇನ್ನು ಅದೂ ಇಲ್ಲ. ಒಂದು ಸಲ, ಒಂದೇ ಸಲ ಅವಳ ಮುಖ ನೋಡಬೇಕು. ಆದರೆ ನೋಡಿದ್ದು ಅವಳಿಗೆ ಗೊತ್ತಾಗಬಾರದು. ಕ್ಯಾಮೆರಾದ ಯೋಚನೆ ಹುಟ್ಟಿದ್ದು ಹೀಗೆ.

"ವಿಮಾನದ ಫೋಟೋ ಹಿಡಿಯೋಕೆ ದೂರದ್ದು ಹತ್ರ ಕಾಣೋ ಕ್ಯಾಮೆರಾ ಬೇಕು. ಕೈಗೆಟುಕೋ ಹಾಗಿರಬೇಕು" ಎಂದು ಅವರು ಬಾಯಿಬಿಟ್ಟದ್ದು ಕ್ಷೌರದಂಗಡಿಯವನ ಮುಂದೆ. ಊರಿನ ತಲೆಗಳೆಲ್ಲ ತನ್ನ ಕೈಕೆಳಗೆ ಬಗ್ಗುವುದರಿಂದ ಆ ತಲೆಗಳೊಳಗಿನ ಜ್ಞಾನವೂ ತನ್ನದೇ ಎಂದು ಅವನು ತಿಳಿದಿದ್ದ.

"ದುರ್ಬೀನು ತಗೊಳ್ಳಿ ಮಾಸ್ಟರೇ, ಅಗ್ಗ."

"ನೋಡಿ ಮರೆಯೋಕಾ?"

"ಹಂಗಾದ್ರೆ ಈ ಫೋನು ನೋಡಿ. ನೂರು ಎಕ್ಸ್ ಜೂಮು! ಚಂದ್ರನ ಮೇಲಿರೋ ಗುಂಡಿನೂ ಕಾಣ್ತವೆ." ಅವನು ತನ್ನ ಫೋನನ್ನು ಬೀದಿಯ ತುದಿಯ ಬಸ್ಸಿನತ್ತ ಹಿಡಿದು ಕಿಟಕಿಯಲ್ಲಿದ್ದ ಹೆಂಗಸಿನ ಮುಖವನ್ನು ಹಿಗ್ಗಿಸಿ ತೋರಿಸಿದ. ಮಾಸ್ಟರು ಕನ್ನಡಕ ಏರಿಸಿ ನೋಡಿದರು. ಮುಖವಿದ್ದ ಜಾಗದಲ್ಲಿ ಕಲಸಿದ ಹಿಟ್ಟಿತ್ತು.

"ಇದು ಬಟ್ಟೆ ಸಾಲದೆ ಇರೋದನ್ನೇ ಎಳೆದು ಉದ್ದ ಮಾಡಿದ ಹಾಗಾಯ್ತು" ಎಂದರು. "ಎಳೆದರೆ ಅಳತೆ ಬರುತ್ತೆ, ಬಟ್ಟೆ ಬರಲ್ಲ."

ಮಾರುಕಟ್ಟೆಯ ಮೂಲೆಯಲ್ಲಿ ಒಂದು ಸ್ಟುಡಿಯೋ. ಅದರ ಯಜಮಾನ ಹಳೆಯ ಕ್ಯಾಮೆರಾಗಳನ್ನೂ ಮಾರುತ್ತಿದ್ದ. ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದೇ ಹೊಟ್ಟೆ ಹೊರೆಯುತ್ತಿದ್ದರೂ, ಕುತ್ತಿಗೆ ನೆಟ್ಟಗಿಡಿ ಎನ್ನುವಾಗ ಮಹಾಶಿಲ್ಪಿಯೊಬ್ಬ ಕಲ್ಲಿಗೆ ಆಜ್ಞೆ ಕೊಡುವ ಗತ್ತು. ಮಾಸ್ಟರು ಅವನ ಗಾಜಿನ ಕಪಾಟಿನ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಬೇಸಿಗೆಯ ಬಹುಪಾಲು ಸಂಜೆ ಅಲ್ಲಿಂದ ಏಳಲಿಲ್ಲ.

ಜೇಬಿಗೆ ಹಿಡಿಯುವಂಥದೊಂದಿತ್ತು, ಮೂವತ್ತು ಎಕ್ಸ್. ಆದರೆ ಕಣ್ಣಿಟ್ಟು ನೋಡುವ ಕಿಂಡಿಯಿರಲಿಲ್ಲ. ಬಿಸಿಲಿಗೆ ಒಯ್ದರೆ ಹಿಂದಿನ ಪರದೆ ಕಪ್ಪು ಸ್ಲೇಟು, ಚಾಚಿದ ಕೈ ಗಡಗಡ. ಲೆನ್ಸು ಬಿಚ್ಚಿ ಹಾಕುವ ದೊಡ್ಡ ಕ್ಯಾಮೆರಾ ಒಂದಿತ್ತು. ಅದರ ಉದ್ದದ ಲೆನ್ಸಿನ ಬೆಲೆ ಕೇಳಿ ಮಾಸ್ಟರು ಮುಟ್ಟಿದ ಕೈಯನ್ನು ಅಂಗಿಗೆ ಒರೆಸಿಕೊಂಡರು. ಕೊನೆಗೆ ಕಣ್ಣಿಗೆ ಬಿದ್ದದ್ದು ನಡುವಿನದು: ಲೆನ್ಸು ಮೈಗೇ ಅಂಟಿಕೊಂಡಿದ್ದು, ಅರುವತ್ತು ಎಕ್ಸ್, ಕಣ್ಣಿಡಲು ಕಿಂಡಿ, ಕೈ ನಡುಗಿದರೂ ತಾನು ನಡುಗದ ಏರ್ಪಾಡು. ಹಕ್ಕಿ ನೋಡುವವನೊಬ್ಬ ಬಳಸಿ ಮಾರಿದ್ದು. ಒಂದು ಮೂಲೆ ತರಚಿತ್ತು.

"ಇದೇ ತಗೊಳ್ಳಿ ಮಾಸ್ಟರೇ. ವಿಮಾನಕ್ಕೆ ಹೇಳಿ ಮಾಡಿಸಿದ್ದು" ಎಂದ ಸ್ಟುಡಿಯೋದವನು.

"ಅರುವತ್ತು ಎಕ್ಸ್ ಅಂದ್ರೆ ಎಷ್ಟು ದೂರದಲ್ಲಿ ಎಷ್ಟು ಇಂಚು?"

ಸ್ಟುಡಿಯೋದವನು ಕ್ಯಾಮೆರಾವನ್ನು ತಿರುಗಿಸಿ ಅದರ ಅಡಿಯಲ್ಲಿ ಬರೆದದ್ದನ್ನು ಓದಿದ.

ಮಾಸ್ಟರು ತಮ್ಮ ದಾರಿಯಲ್ಲೇ ಅಳೆದರು. ವಿಮಾನ ನಿಲ್ದಾಣದ ಬೇಲಿಯಾಚೆ ನೀರಿನ ಟ್ಯಾಂಕಿನ ಪಕ್ಕ ಒಂದು ದಿಬ್ಬವಿದೆ. ವಿಮಾನದ ಫೋಟೋ ಹಿಡಿಯುವ ಹವ್ಯಾಸದವರು ಅಲ್ಲಿ ಸೇರುತ್ತಾರೆ, ಯಾರೂ ಬೇಡವೆನ್ನುವುದಿಲ್ಲ. ಅಲ್ಲಿಂದ ವಿಮಾನ ನಿಲ್ಲುವ ಜಾಗಕ್ಕೆ ಎಷ್ಟು ದೂರವೆಂದು ಅಂದಾಜು ಹಾಕಿ, ಸ್ಟುಡಿಯೋದ ತಾರಸಿಯಿಂದ ಅಷ್ಟೇ ದೂರದ ಕಟ್ಟಡವೊಂದನ್ನು ಹುಡುಕಿದರು. ಅಂಗಡಿಯ ಗೊಂಬೆಗೆ ನೀಲಿ ಕೋಟು ತೊಡಿಸಿ, ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ನಡೆದು ಹೋಗಿ, ಆ ಕಟ್ಟಡದ ಮಾಳಿಗೆಯ ಮೇಲೆ ನಿಲ್ಲಿಸಿ ಬಂದರು. ಬೆಳಗಿನ ಹೊತ್ತು, ಅಂಗಡಿ ತೆಗೆಯುವ ಮುಂಚೆ. ಆಮೇಲೆ ಈ ತಾರಸಿಯಿಂದ ಒಂದೊಂದೇ ಕ್ಯಾಮೆರಾದಲ್ಲಿ ನೋಡಿದರು. ತರಚಿದ ಕ್ಯಾಮೆರಾದಲ್ಲಿ ಗೊಂಬೆಯ ಮೂಗು, ತುಟಿ, ಕಾಲರಿನ ಅಂಚಿನ ಹೊಲಿಗೆ ಕೂಡ ಕಾಣಿಸಿತು.

"ವಿಮಾನ ಹಿಡಿಯೋಕೆ ಗೊಂಬೆ ಯಾಕೆ ಮಾಸ್ಟರೇ?" ಎಂದು ಸ್ಟುಡಿಯೋದವನು ಕೇಳಿದ.

"ವಿಮಾನ ಅಷ್ಟು ಎತ್ತರಕ್ಕೆ ಹೊತ್ತು ಹೋಗೋಕಾಗಲ್ಲ, ಅದಕ್ಕೆ."

ಅಷ್ಟು ಚೆನ್ನಾಗಿ ಕಂಡ ಮೇಲೆ ಕೊಳ್ಳಬಹುದಿತ್ತು. ಆದರೆ ಮಾಸ್ಟರು ಮೀನಮೇಷ ಎಣಿಸಿದರು. ಇನ್ನೊಂದು ಬೆಳಿಗ್ಗೆ ನೋಡಿದರು. ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ನೋಡಿದರು. ಹಕ್ಕಿ ನೋಡುವವನು ಅದನ್ನು ಯಾಕೆ ಮಾರಿದನೆಂದು ವಿಚಾರಿಸಲು ಅವನ ಮನೆಗೂ ಹೋಗಿ ಬಂದರು. ಸ್ಟುಡಿಯೋದವನಿಗೆ ರೇಗಿತು. "ಮನೆ ಕೊಳ್ಳೋರೂ ಇಷ್ಟು ಸಲ ಬಂದು ನೋಡಲ್ಲ! ಈ ಕ್ಯಾಮೆರಾಕ್ಕೂ ಈಗ ನಿಮ್ಮ ಮುಖ ನೋಡಿದ್ರೆ ಬೇಜಾರು." ಮಾಸ್ಟರು ನಕ್ಕು, ನಾಳೆ ಬರ್ತೀನಿ ಎಂದರು. ಹೀಗೆ ಬೇಸಿಗೆ ಕರಗಿತು.

ಕೊನೆಗೆ ಹೆಂಡತಿಯೇ ಒಂದು ಸಂಜೆ ಹೇಳಿದಳು: "ಮುಂದಿನ ವಾರಕ್ಕೆ ವಿಮಾನ ನಿಲ್ಲುತ್ತಂತೆ. ನಿಮ್ಮ ಕ್ಯಾಮೆರಾದ ಅಳತೆ ಇನ್ನೂ ಮುಗೀಲಿಲ್ವಾ?"

ಕ್ಯಾಮೆರಾ ಯಾತಕ್ಕೆಂದು ಇವರು ಆಕೆಗೆ ಹೇಳಿರಲಿಲ್ಲ. ಆಕೆ ಕೇಳಿಯೂ ಇರಲಿಲ್ಲ. ಒಂದೇ ಸೂರಿನಡಿ ಅಷ್ಟು ವರ್ಷ ಬಾಳಿದವರಿಗೆ ಹೇಳುವುದೂ ಕೇಳುವುದೂ ಬರಿಯ ಉಪಚಾರ. ಮಾಸ್ಟರು ಚಪ್ಪಲಿ ಮೆಟ್ಟಿ ಹೋಗಿ ತರಚಿದ ಕ್ಯಾಮೆರಾ ತಂದರು.

ಮರುದಿನವೇ ದಿಬ್ಬ ಹತ್ತಿದರು. ಅಲ್ಲಿ ತೋಳಿನುದ್ದದ ಲೆನ್ಸನ್ನು ಮುಕ್ಕಾಲಿಯ ಮೇಲಿಟ್ಟುಕೊಂಡ ಒಬ್ಬ ನಿವೃತ್ತ ಅಧಿಕಾರಿ ನಿಂತಿದ್ದರು. ಹವ್ಯಾಸದವರು ಅವರನ್ನು 'ದೊಡ್ಡ ಲೆನ್ಸು' ಎಂದೇ ಕರೆಯುತ್ತಿದ್ದರು. ಅದು ಬಿರುದೆಂದು ಅವರು ಭಾವಿಸಿದ್ದರು. ಮಾಸ್ಟರರ ಕ್ಯಾಮೆರಾವನ್ನು ನೋಡಿ, ಹಸುಗೂಸನ್ನು ನೋಡಿದಂತೆ ನಕ್ಕರು.

ವಿಮಾನ ಬಂತು, ಇಳಿಯಿತು, ಬಂದು ನಿಂತಿತು. ಮಾಸ್ಟರು ಕಿಂಡಿಗೆ ಕಣ್ಣಿಟ್ಟು ಪೂರ್ತಿ ಜೂಮು ಎಳೆದರು. ಬೇಲಿ, ಹುಲ್ಲು, ಯಾವುದೋ ಟೈರು, ಬರೀ ಆಕಾಶ ಒಂದರ ಹಿಂದೊಂದು ಓಡಿದವು. ವಿಮಾನವೇ ಇಲ್ಲ.

"ಮೊದಲು ದೂರದಿಂದ ಹುಡುಕಿ, ಸಿಕ್ಕ ಮೇಲೆ ಹತ್ತಿರ ಎಳೀರಿ" ಎಂದರು ದೊಡ್ಡ ಲೆನ್ಸು. "ಆದ್ರೆ ಈಗ್ಯಾಕೆ ತೆಗೀತೀರಿ? ಇಳಿಯುವಾಗ ಆಕಾಶದಲ್ಲಿ ತೆಗೀಬೇಕಿತ್ತು. ಮಧ್ಯಾಹ್ನದಲ್ಲಿ ನೆಲದ ಮೇಲಿಂದು ಬರಲ್ಲ."

"ನಂಗೆ ನೆಲದ ಮೇಲಿಂದೇ ಬೇಕು."

ಹುಡುಕಿದರು. ಸಿಕ್ಕಿತು. ವಿಮಾನದ ಬಾಗಿಲಿನಿಂದ ಮೆಟ್ಟಿಲಿಳಿದು ನೀಲಿ ಕೋಟಿನ ಮೂವರು ಬಂದು ನಿಂತರು. ಮಾಸ್ಟರು ಒತ್ತಿದರು, ಒತ್ತಿದರು, ಒತ್ತುತ್ತಲೇ ಹೋದರು. ಆಮೇಲೆ ಮರದ ನೆರಳಿಗೆ ಬಂದು ಪರದೆಯಲ್ಲಿ ನೋಡಿದರೆ, ಮೂರು ಮುಖಗಳೂ ನೀರಿನಲ್ಲಿ ನೆನೆದ ಸೀಮೆಸುಣ್ಣದಂತೆ ಕರಗಿ ಹರಿದಿದ್ದವು. ಕಣ್ಣಿಲ್ಲ, ಮೂಗಿಲ್ಲ. ಗೊಂಬೆಯದು ಅಷ್ಟು ಚೆನ್ನಾಗಿ ಬಂದಿತ್ತಲ್ಲ!

"ಗಾಳಿ ಕುದೀತಿದೆ ಸ್ವಾಮಿ" ಎಂದರು ದೊಡ್ಡ ಲೆನ್ಸು, ಪಾಠ ಹೇಳಲು ಸಿಕ್ಕಿದ ಸಂತೋಷದಲ್ಲಿ. "ಕಾದ ನೆಲದ ಮೇಲೆ ಅಷ್ಟು ದೂರ ನೋಡಿದ್ರೆ ಹೀಗೇ. ಬೆಳಿಗ್ಗೆಯಾದ್ರೆ ಬರುತ್ತೆ. ಮೋಡ ಕವಿದ ದಿನ ಬರುತ್ತೆ."

"ಇದಕ್ಕಿಂತ ಒಳ್ಳೇ ಕ್ಯಾಮೆರಾ ಆದ್ರೆ?"

"ನನ್ನದರಲ್ಲೂ ಬರಲ್ಲ. ಯಾವುದರಲ್ಲೂ ಬರಲ್ಲ. ಬಿಸಿಗಾಳಿಗೆ ಕ್ಯಾಮೆರಾ ಬಡವರದ್ದೋ ಸಾಹುಕಾರರದ್ದೋ ಗೊತ್ತಾಗುತ್ತಾ? ಒಂದೇ ದಾರಿ. ಹತ್ರ ಹೋಗೋದು."

ಎಲ್ಲವನ್ನೂ ಅಳೆದಿದ್ದ ಮಾಸ್ಟರು ಬಿಸಿಲನ್ನು ಅಳೆದಿರಲಿಲ್ಲ. ಗೊಂಬೆಯನ್ನು ನಿಲ್ಲಿಸಿದ್ದು ತಂಪು ಬೆಳಗಿನಲ್ಲಿ. ಮಗಳು ನಿಲ್ಲುವುದು ಉರಿ ಮಧ್ಯಾಹ್ನದಲ್ಲಿ.

ಮನೆಗೆ ಬಂದು ಆ ಚಿತ್ರವನ್ನೇ ಮತ್ತೆ ಮತ್ತೆ ನೋಡುತ್ತ ಕೂತರು. ಮೂವರಲ್ಲಿ ಯಾರು? ಮುಖಗಳನ್ನು ಬಿಟ್ಟು ಕೋಟುಗಳನ್ನು ನೋಡಿದ ಮೇಲೆ ಹುಡುಕಬೇಕಾದ್ದೇ ಇರಲಿಲ್ಲ. ನಡುವೆ ನಿಂತವಳ ಎಡ ಭುಜ ಜಾರಿತ್ತು. ಕೋಟು ಆ ಕಡೆಗೆ ಇಳಿದು, ಕಾಲರು ಕತ್ತಿನಿಂದ ಬಿಟ್ಟುಕೊಂಡು, ಒಂದು ಸುಕ್ಕು ಓರೆಯಾಗಿ ಗುಂಡಿಯವರೆಗೆ ಬಂದಿತ್ತು. ಎದುರು ಬೀದಿಯ ದರ್ಜಿ ಉದ್ದ ಹಿಡಿದಿದ್ದ, ಸೊಂಟ ಹಿಡಿದಿದ್ದ. ಭುಜದ ಗೋಜಿಗೆ ಹೋಗಿರಲಿಲ್ಲ. ಅವನಿಗೆ ಹೇಗೆ ಗೊತ್ತಾಗಬೇಕು? ಇವಳೂ ಹೇಳಿರಲಾರಳು. ಇಷ್ಟು ವರ್ಷ ಮಗಳು ಒಂದು ಕಡೆ ಬಾಗಿಕೊಂಡೇ ಆಕಾಶದಲ್ಲಿ ಓಡಾಡಿದ್ದಾಳೆ, ನಾನು ಕೆಳಗೆ ಬಾಗಿಲಲ್ಲಿ ಕತ್ತೆತ್ತಿ ನಿಂತಿದ್ದೇನೆ ಎಂದು ಮಾಸ್ಟರರಿಗೆ ಅನ್ನಿಸಿತು. ಹೆಂಡತಿ ಒಳಗಿಂದ "ಬಂತಾ ಫೋಟೋ?" ಎಂದು ಕೇಳಿದ್ದಕ್ಕೆ ಕೆಮ್ಮಿ, "ಕೋಟು ಬಂತು" ಎಂದರು.

ಮರುದಿನ ಅಂಗಡಿಯಲ್ಲಿ ಕ್ಯಾನ್ವಾಸು, ಹತ್ತಿ ತೆಗೆದು ಒಂದು ಪ್ಯಾಡು ಕತ್ತರಿಸಿದರು. ಟೇಪು ಕೊರಳಲ್ಲೇ ಇತ್ತು, ಮುಟ್ಟಲಿಲ್ಲ; ಆ ಭುಜದ ಅಳತೆ ಕೈಗೇ ಗೊತ್ತಿತ್ತು. ಹೊಲಿಗೆಯವರ ಕೈಗೂ ಕೊಡದೆ ತಾವೇ ಸೂಜಿ ಹಿಡಿದು ಹೊಲಿದು ಜೇಬಿನಲ್ಲಿಟ್ಟುಕೊಂಡರು.

ವಿಮಾನ ಬರುವ ಕೊನೆಯ ದಿನ ಆಕಾಶದ ತುಂಬ ಮೋಡ. ತಂಪು ಗಾಳಿ. ದೂರದ ಟ್ಯಾಂಕಿನ ಮೇಲಿನ ಅಕ್ಷರಗಳು ಬರಿಗಣ್ಣಿಗೆ ಓದಲು ಬರುತ್ತಿದ್ದವು. ದಿಬ್ಬ ಮತ್ತು ನಿಲ್ದಾಣದ ದಾರಿಗಳು ಕವಲೊಡೆಯುವಲ್ಲಿ ಮಾಸ್ಟರು ನಿಂತರು. ಹೆಗಲಲ್ಲಿ ಕ್ಯಾಮೆರಾ, ಜೇಬಿನಲ್ಲಿ ಪ್ಯಾಡು. ಇವತ್ತು ದಿಬ್ಬದಿಂದ ಮುಖ ಕಾಣುತ್ತದೆ, ಅದು ಖಂಡಿತ. ಹತ್ತಿರ ಹೋಗೋದು ಒಂದೇ ದಾರಿ ಎಂಬ ಮಾತೂ ಕಿವಿಯಲ್ಲಿತ್ತು. ಜೀವನದಲ್ಲಿ ಎರಡನೆಯ ಸಲ ಅವರು ಅಳೆಯದೆ ಕತ್ತರಿ ಹಾಕಿದರು. ದಿಬ್ಬ ಬಿಟ್ಟು ನಿಲ್ದಾಣದ ಬಾಗಿಲಿಗೆ ನಡೆದರು.

ಬಾಗಿಲಲ್ಲಿದ್ದ ಕಾವಲಿನವನ ಪ್ಯಾಂಟು ಮಾಸ್ಟರೇ ಕತ್ತರಿಸಿದ್ದು. ಅದನ್ನು ನೋಡಿ ಸ್ವಲ್ಪ ಧೈರ್ಯ ಬಂತು.

"ಈಗ ಬಂತಲ್ಲ, ಆ ವಿಮಾನದಲ್ಲಿ ಕೆಲಸ ಮಾಡೋರು ಹೊರಗೆ ಬರ್ತಾರಾ?"

"ಇಲ್ಲ ಯಜಮಾನ್ರೇ, ಅದೇ ವಿಮಾನದಲ್ಲಿ ವಾಪಸ್ಸು. ಯಾರು ಬೇಕಿತ್ತು?"

ಮಾಸ್ಟರು ಹೆಸರು ಹೇಳಿದರು.

"ನಿಮಗೇನಾಗಬೇಕು ಅವರು?"

ಉತ್ತರ ನಾಲಗೆಯ ತುದಿಗೆ ಬಂತು. ಎಷ್ಟೋ ವರ್ಷ ಬಳಸದೆ ಇಟ್ಟ ಯಂತ್ರದ ಚಕ್ರದಂತೆ ಅಲ್ಲೇ ಸಿಕ್ಕಿಹಾಕಿಕೊಂಡಿತು. ಹಿಂದೆ ಪೆಟ್ಟಿಗೆ ಎಳೆದುಕೊಂಡು ಜನ ನಿಂತಿದ್ದರು.

"ಗೊತ್ತಿರೋರು" ಎಂದರು ಮಾಸ್ಟರು.

"ಗೊತ್ತಿರೋರನ್ನೆಲ್ಲ ಕರೆಸೋಕಾಗಲ್ಲ. ಮನೆಯವರಾದ್ರೆ ಒಂದು ಫೋನ್ ಹೊಡೀತಾರೆ, ಅವರೇ ಬಾಗಿಲ ತನಕ ಬಂದು ಮಾತಾಡ್ಸಿ ಹೋಗ್ತಾರೆ. ನಂಬರಿದ್ರೆ ಮಾಡಿ."

ಮಾಸ್ಟರರ ಹತ್ತಿರ ಮಗಳ ನಂಬರಿರಲಿಲ್ಲ. ಹೆಂಡತಿಯ ಹತ್ತಿರವಿತ್ತು. ಪಕ್ಕಕ್ಕೆ ಸರಿದು ಮನೆಗೆ ಫೋನು ಮಾಡಿದರು. ನೀವು ಕರೆ ಮಾಡುತ್ತಿರುವವರು ಬೇರೊಂದು ಕರೆಯಲ್ಲಿದ್ದಾರೆ ಎಂದು ಹೆಣ್ಣುದನಿಯೊಂದು ಸಮಾಧಾನವಾಗಿ ತಿಳಿಸಿತು. ಮತ್ತೆ ಮಾಡಿದರು. ಅದೇ ದನಿ, ಅದೇ ಸಮಾಧಾನ. ಈ ಹೆಂಗಸಿನ ಬಾಯಿಗೆ ಇವತ್ತೇ ಬಿಡುವಿಲ್ಲದೆ ಹೋಯಿತೇ ಎಂದು ಹಲ್ಲು ಕಚ್ಚಿದರು. ಮತ್ತೆ ಮತ್ತೆ ಒತ್ತುತ್ತಿರುವಾಗಲೇ ಗೋಡೆಯಾಚೆ ಪಂಖಗಳು ತಿರುಗತೊಡಗಿದ ಗೊರಗೊರ ಕೇಳಿಸಿತು. ಓಡಿ ರಸ್ತೆಗೆ ಬರುವಷ್ಟರಲ್ಲಿ ವಿಮಾನ ನೆಲ ಬಿಟ್ಟಿತ್ತು. ಕ್ಯಾಮೆರಾ ಹೆಗಲಲ್ಲೇ ಇತ್ತು. ಅವರು ಅದನ್ನು ಎತ್ತಲಿಲ್ಲ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಮುಖ ಅರಳಿತ್ತು.

"ಸಿಕ್ಕಿದ್ಲಾ? ಚೆನ್ನಾಗಿ ಬಂತಾ?"

"ಯಾರ ಜೊತೆ ಮಾತಾಡ್ತಿದ್ದೆ ಅಷ್ಟು ಹೊತ್ತು?"

"ಅವಳ ಜೊತೇನೇ! ಇವತ್ತು ಅಪ್ಪ ದಿಬ್ಬದ ಮೇಲೆ ಇರ್ತಾರೆ ಕಣೇ, ದೂರದ ಕ್ಯಾಮೆರಾ ತಗೊಂಡಿದ್ದಾರೆ ನಿನ್ನ ನೋಡೋಕೆ ಅಂತ ನಾನೇ ಹೇಳ್ದೆ. ಯಾವ ಕಡೆ ದಿಬ್ಬ ಅಂದ್ಲು. ಟ್ಯಾಂಕಿನ ಪಕ್ಕ ಅಂದೆ. ವಿಮಾನ ಹೊರಡೋ ತನಕ ಆ ಕಡೆ ಮುಖ ಮಾಡ್ಕೊಂಡು ಮೆಟ್ಟಿಲ ಹತ್ರನೇ ನಿಂತಿದ್ಲಂತೆ. ಕೈ ಬೀಸಿದ್ಲಂತೆ. ಅಪ್ಪನಿಗೆ ಕಾಣ್ತಿರುತ್ತಾ ಅಮ್ಮಾ ಅಂತ ಕೇಳ್ತಾನೇ ಇದ್ಲು. ಕಾಣ್ದೆ ಏನು, ಗೊಂಬೆ ಇಟ್ಟು ಅಳೆದು ತಂದಿದ್ದಾರೆ ಅಂದೆ..."

ಗಂಡನ ಮುಖ ನೋಡಿ ಆಕೆಯ ಮಾತು ಅಲ್ಲಿಗೇ ನಿಂತಿತು. ಮಾಸ್ಟರು ಒಳಗೆ ಹೋಗಿ ಕುರ್ಚಿಯಲ್ಲಿ ಕೂತು, ಜೇಬಿನಿಂದ ಪ್ಯಾಡು ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಹೆಂಡತಿ ಎಲ್ಲವನ್ನೂ ಕೇಳಿದ ಮೇಲೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಪ್ಯಾಡನ್ನು ತೆಗೆದುಕೊಂಡು, "ಇದನ್ನ ನಾನು ಕಳಿಸ್ತೀನಿ" ಎಂದು ಎದ್ದುಹೋದಳು. ಸ್ವಲ್ಪ ಹೊತ್ತಿನ ಮೇಲೆ ಬಂದು ಮಗಳ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದಳು.

ಅದನ್ನು ಮಾಸ್ಟರು ಕಟಿಂಗ್ ಮೇಜಿನ ಅಂಚಿನಲ್ಲಿ ಸೀಮೆಸುಣ್ಣದಿಂದ ಬರೆದಿಟ್ಟಿದ್ದಾರೆ. ಬಟ್ಟೆ ಎಳೆದಾಡುವಾಗ ಅದು ಮಾಸುತ್ತದೆ. ಮಾಸಿದಾಗ ಮತ್ತೆ ತಿದ್ದುತ್ತಾರೆ. ಫೋನು ಎತ್ತಿಕೊಳ್ಳುತ್ತಾರೆ, ಏನು ಹೇಳಬೇಕೆಂದು ಮೊದಲಿನಿಂದ ಅಳೆಯುತ್ತಾರೆ, ಒಂದು ಲೋಟ ಟೀ ಕುಡಿದು ಬರುತ್ತೇನೆ ಎನ್ನುತ್ತಾರೆ. ಮಧ್ಯಾಹ್ನ ಈಗ ಬೀದಿಯ ಮೇಲೆ ಸದ್ದಿಲ್ಲ. ಆದರೂ ಆ ಹೊತ್ತಿಗೆ ಕತ್ತರಿ ಒಂದು ಗಳಿಗೆ ನಿಲ್ಲುತ್ತದೆ.

ಇದಾಗಿ ಕೆಲವು ದಿನಕ್ಕೆ ದೊಡ್ಡ ಲೆನ್ಸು ತಲೆಗೂದಲು ಕತ್ತರಿಸಿಕೊಳ್ಳಲು ಬಂದವರು, ತಾವು ತೆಗೆದ ಕೊನೆಯ ದಿನದ ವಿಮಾನದ ಚಿತ್ರವನ್ನು ಚೌಕಟ್ಟು ಹಾಕಿಸಿ ಕ್ಷೌರದಂಗಡಿಗೆ ಕಾಣಿಕೆ ಕೊಟ್ಟರು. ಮೋಡದ ಬೆಳಕಿನಲ್ಲಿ ವಿಮಾನದ ಒಂದೊಂದು ಮೊಳೆಯೂ ಎಣಿಸುವಂತಿತ್ತು. ಬೀದಿಯವರೆಲ್ಲ ನೋಡಲು ಬಂದರು. ಮಾಸ್ಟರೂ ಬಂದರು. ಕನ್ನಡಕ ಏರಿಸಿ, ವಿಮಾನದ ಬಾಗಿಲು, ಬಾಗಿಲಿನ ಕೆಳಗಿನ ಮೆಟ್ಟಿಲು, ಮೆಟ್ಟಿಲ ಬುಡ ನೋಡಿದರು. ಅಲ್ಲಿ ನುಣ್ಣನೆಯ ನೆಲ ಮಾತ್ರ ಇತ್ತು.

"ಇಲ್ಲಿ ಯಾರೂ ನಿಂತಿರಲಿಲ್ವಾ?" ಎಂದರು.

"ಯಾರೋ ಒಬ್ಬಳು ನಿಂತ್ಕೊಂಡು ಕೈ ಬೀಸ್ತಾ ಇದ್ಲು ಸ್ವಾಮಿ, ಎಷ್ಟು ಕಾದ್ರೂ ಸರೀಲಿಲ್ಲ" ಎಂದರು ದೊಡ್ಡ ಲೆನ್ಸು, ಹೆಮ್ಮೆಯಿಂದ. "ಕಂಪ್ಯೂಟರಲ್ಲಿ ಅಳಿಸಿಬಿಟ್ಟೆ. ಈಗ ನೋಡಿ, ವಿಮಾನ ಎಷ್ಟು ಚೊಕ್ಕಟವಾಗಿದೆ!"

ಅಂಗಡಿಯಲ್ಲಿ ಎಲ್ಲರೂ ತಲೆದೂಗಿದರು. ಮಾಸ್ಟರು ಚಿತ್ರವನ್ನೇ ನೋಡುತ್ತ ನಿಂತಿದ್ದರು. ಅವರು ತಲೆದೂಗದ್ದಕ್ಕೆ ಹೊಟ್ಟೆಕಿಚ್ಚೇ ಕಾರಣವೆಂದು ತಿಳಿದ ಕ್ಷೌರದವನು, ಗಿರಾಕಿಗಳತ್ತ ಕಣ್ಣು ಮಿಟುಕಿಸಿ, ಬಾಚಣಿಗೆಯಿಂದ ಗಾಜನ್ನು ತಟ್ಟುತ್ತ ಕೇಳಿದ:

"ಏನ್ ಮಾಸ್ಟರೇ, ಬೇಸಿಗೆಯೆಲ್ಲ ಅಳೆದು ಅಳೆದು ತಂದ್ರಲ್ಲ, ನಿಮ್ಮ ಕ್ಯಾಮೆರಾದಲ್ಲಿ ವಿಮಾನ ಇಷ್ಟು ಚೆನ್ನಾಗಿ ಬಂತಾ?"

"ಯಾವ ವಿಮಾನ?" ಎಂದರು ಮಾಸ್ಟರು. "ನಾನು ನನ್ನ ಮಗಳನ್ನ ನೋಡೋಕೆ ಹೋಗಿದ್ದೆ."